ಯಾರಿಂದಲೂ ಆಗದ ರಿಪೇರಿ

ಒದ್ದೆ ಬಟ್ಟೆಗಳನ್ನು ತಂತಿಯ ಮೇಲೆ ಹರವುತ್ತಿದ್ದೆ. ಎರಡು ಟವೆಲ್ಲು, ಒಂದು ಅಂಗಿ ಹಾಕುವಷ್ಟರಲ್ಲಿ ಕ್ಲಿಪ್ಪುಗಳು ಮುಗಿದವು. ನಮ್ಮ ಮನೆಯಲ್ಲಿ ಕ್ಲಿಪ್ಪಿಗೇನೂ ಬರವಿಲ್ಲ. ಅವು ಬಟ್ಟೆಯ ಮೇಲೆ ಇರುವುದು ಮಾತ್ರ ಅಪರೂಪ. ಒಳಗೆ ಹೋಗಿ ನೋಡಿದರೆ ಒಂದು ಕ್ಲಿಪ್ಪು ಬಾಯಿ ಬಿಟ್ಟ ಚಪ್ಪಲಿಯನ್ನು ಕಚ್ಚಿಕೊಂಡಿತ್ತು. ಎರಡು ನನ್ನ ಕನ್ನಡಕದ ಕಾಲು ಹಿಡಿದಿದ್ದವು. ಮಿಕ್ಕವು ಕಿವಿ ಮುರಿದ ಕಪ್ಪುಗಳ ಸೇವೆಯಲ್ಲಿದ್ದವು. ಇವುಗಳ ನಡುವೆ ನಮ್ಮ ಯಜಮಾನರು ಅಂಟಿನ ಟ್ಯೂಬು ಹಿಡಿದು, ಆಪರೇಷನ್ ಮುಗಿಸಿದ ಡಾಕ್ಟರರ ಹಾಗೆ ಕೂತಿದ್ದರು.

“ರೀ, ನಾಲ್ಕು ಕ್ಲಿಪ್ ಕೊಡಿ. ಬಟ್ಟೆ ಹಾರಿಹೋಗತ್ತೆ.”

“ಗಾಳಿ ಎಲ್ಲಿದೆ?”

“ಹೋದ ವಾರಾನೂ ಹೀಗೇ ಅಂದ್ರಿ. ಅವತ್ತು ಹೆಡ್‌ಮಾಸ್ಟರ ಮನೆ ಟ್ಯಾಂಕಿನ ಮುಚ್ಚಳಾನೇ ಹಾರಿಹೋಯ್ತು.”

ಯಜಮಾನರು ಚಪ್ಪಲಿಯಿಂದ ಒಂದು ಕ್ಲಿಪ್ಪು ಬಿಡಿಸಿ ಕೊಟ್ಟರು. ಚಪ್ಪಲಿ ಮತ್ತೆ ಬಾಯಿ ಬಿಟ್ಟಿತು.

ಇವರು ರೇಡಿಯೋ, ಗಡಿಯಾರ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿ ಬಹಳ ಕಾಲವಾಯಿತು. ಬೀದಿಯವರಿಗೆ ಇವರು ಇಂದಿಗೂ ‘ರಿಪೇರಿ ಮಾವ’. ‘ಇದು ಆಗಲ್ಲ’ ಎಂಬ ಮಾತು ಇವರ ಬಾಯಿಂದ ಬಂದದ್ದನ್ನು ಯಾರೂ ಕೇಳಿಲ್ಲ, ಕಟ್ಟಿಕೊಂಡ ನಾನೂ ಕೇಳಿಲ್ಲ. ಇವರ ಕೈಗೆ ಬಂದ ವಸ್ತುಗಳೆಲ್ಲ ನಡೆಯುತ್ತವೆ. ಹೇಗೆ ನಡೆಯುತ್ತವೆ ಎಂಬುದು ಬೇರೆ ಮಾತು. ನಮ್ಮ ಗೋಡೆ ಗಡಿಯಾರ ಬೋರಲು ಮಲಗಿಸಿದರೆ ಚೆನ್ನಾಗಿ ಓಡುತ್ತದೆ. ಹೊತ್ತು ಎಷ್ಟಾಯಿತೆಂದು ಎತ್ತಿ ನೋಡಿದರೆ ನಿಲ್ಲುತ್ತದೆ. ಹೆಡ್‌ಮಾಸ್ಟರ ಮನೆಯ ಫ್ಯಾನು ತಿರುಗುವುದೇನೋ ಸರಿ, ಗಾಳಿಯನ್ನು ಮೇಲಕ್ಕೆ ಬೀಸುತ್ತದೆ. ಸೆಖೆಗಾಲದಲ್ಲಿ ಅವರ ಮನೆಯ ಸೂರು ಬಹಳ ಸುಖವಾಗಿರುತ್ತದೆ.

ನಾನು ಅಂಗಿಗೆ ಕ್ಲಿಪ್ಪು ಸಿಕ್ಕಿಸುವ ಹೊತ್ತಿಗೆ ನಾದಿನಿ ಬಂದಳು. ಇವರ ಒಬ್ಬಳೇ ತಂಗಿ. ಬೀದಿಯ ಕೊನೆಯ ಹಳೇ ಗೋದಾಮಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಬಟ್ಟೆ ಫ್ಯಾಕ್ಟರಿಯಲ್ಲಿ ಮೇಸ್ತ್ರಿಯ ಬೈಗುಳ ತಿಂದು ತಿಂದು, ಕೊನೆಗೆ ಕೆಲಸ ಬಿಟ್ಟು ತನ್ನದೇ ಅಂತ ಮಾಡಿಕೊಂಡದ್ದು ಇದೊಂದು. ಗೋದಾಮಿಗೆ ಬೀದಿಯ ಕರೆಂಟಿನ ಲೈನೇ ಬಂದಿಲ್ಲ. ಅವಳ ಮೂರು ಮೆಷಿನ್ನುಗಳೂ ಛಾವಣಿಯ ಮೇಲಿನ ಸೋಲಾರನ್ನೇ ನಂಬಿದ್ದವು. ಹೆಡ್‌ಮಾಸ್ಟರ ಟ್ಯಾಂಕಿನ ಮುಚ್ಚಳ ಹಾರಿ ಬಂದು ಬಿದ್ದದ್ದು ಆ ಸೋಲಾರ್ ಪ್ಯಾನೆಲ್ಲುಗಳ ಮೇಲೇ. ಗಾಜೆಲ್ಲ ಜೇಡರ ಬಲೆಯಾಗಿ, ಕೆಳಗಿನ ಮೇನ್ ಸ್ವಿಚ್ಚು ತಾನಾಗಿ ಬಿದ್ದು ಆಫಾಗಿ, ಅಂಗಡಿ ಅಂದಿನಿಂದ ಮೌನವ್ರತದಲ್ಲಿತ್ತು.

“ಇನ್ಶೂರೆನ್ಸ್ ಸರ್ವೇಯರ್ ಬಂದ್ರೇನಮ್ಮಾ?” ಅಂತ ಕೇಳಿದೆ.

“ಎಲ್ಲಿ ಅತ್ತಿಗೆ! ಆ ಗಾಳಿಗೆ ಊರಲ್ಲಿ ಎಷ್ಟೋ ಕಡೆ ಒಡೆದಿದೆಯಂತೆ. ಸರದಿ ಪ್ರಕಾರ ಬರ್ತಾರಂತೆ. ಅವರು ನೋಡಿ, ಇದು ರಿಪೇರಿ ಆಗತ್ತೋ ಇಲ್ವೋ ಅಂತ ಬರೀಬೇಕು. ಆಗಲ್ಲ ಅಂತ ಬರೆದ್ರೆ ಇನ್ಶೂರೆನ್ಸಿನವರು ಹೊಸದು ಹಾಕಿಸಿಕೊಡ್ತಾರೆ. ಅಲ್ಲೀವರೆಗೆ ಏನೂ ಮುಟ್ಟಬೇಡಿ, ಬಿದ್ದದ್ದು ಬಿದ್ದ ಹಾಗೇ ಇರಲಿ ಅಂದಿದ್ದಾರೆ.”

ಈ ಅಪ್ಪಣೆಯನ್ನು ನಾದಿನಿ ವೇದವಾಕ್ಯದಂತೆ ಪಾಲಿಸಿದ್ದಳು. ಬಿದ್ದ ಸ್ವಿಚ್ಚು ಎತ್ತಿರಲಿಲ್ಲ. ಮುಚ್ಚಳವೂ ಪ್ಯಾನೆಲ್ಲಿನ ಮೇಲೆ ಬಿದ್ದಲ್ಲೇ ಇತ್ತು. ಹೆಡ್‌ಮಾಸ್ಟರ ಟ್ಯಾಂಕಿನಲ್ಲಿ ಕಾಗೆಗಳು ಸಂಸಾರ ಸಮೇತ ಸ್ನಾನ ಮಾಡುತ್ತಿದ್ದವು. ಅವರು ದಿನಾ ಬೆಳಿಗ್ಗೆ ಬಂದು, “ನನ್ನ ಮುಚ್ಚಳ ಕೊಡಮ್ಮ” ಎಂದು ಕೇಳುವುದು, ಇವಳು “ಅದು ಸಾಕ್ಷಿ ಸರ್, ಕೊಡೋ ಹಾಗಿಲ್ಲ” ಎನ್ನುವುದು ನಡೆದೇ ಇತ್ತು.

“ನಾನೀಗ ಆಸ್ಪತ್ರೆಗೆ ಹೋಗ್ತಿದ್ದೀನಿ” ಅಂದಳು ನಾದಿನಿ. “ಅವರ ಬೆಡ್‌ಶೀಟ್ ಆರ್ಡರು ಅರ್ಧಕ್ಕೇ ನಿಂತಿದೆ. ಇನ್ನು ಸ್ವಲ್ಪ ದಿನ ಕೊಡಿ ಅಂತ ಕಾಲಿಗೆ ಬಿದ್ದು ಕೇಳ್ತೀನಿ. ಈ ಆರ್ಡರು ಹೋದ್ರೆ ಮುಗೀತು ಅತ್ತಿಗೆ. ಅಂಗಡಿ ಮುಚ್ಚಿ ಮತ್ತೆ ಫ್ಯಾಕ್ಟರಿ ಬಾಗಿಲಿಗೆ ಹೋಗೋದೇ.”

ಇಷ್ಟು ಹೊತ್ತೂ ನಮ್ಮವರು ಬಾಗಿಲ ಒಳಗೆ ಕೂತು ಕಪ್ಪಿನ ಕಿವಿ ನೋಡುತ್ತಿದ್ದರು. ಈಗ ತಲೆ ಎತ್ತಿ, “ಒಡೆದಿರೋದು ಗಾಜು ತಾನೇ?” ಅಂದರು.

ನಾನು ಅವರ ಕೈಯಲ್ಲಿದ್ದ ಅಂಟಿನ ಟ್ಯೂಬಿನ ಕಡೆ ನೋಡಿದೆ.

*

ತಂಗಿ ಬೀದಿಯ ತಿರುವು ದಾಟಿದ್ದಳೋ ಇಲ್ಲವೋ, ಅಣ್ಣ ಅಂಟಿನ ಟ್ಯೂಬು ಜೇಬಿಗಿಳಿಸಿ, ಕಪ್ಪುಗಳ ಕ್ಲಿಪ್ಪುಗಳ ಜೊತೆಗೆ ತಂತಿಯ ಮೇಲಿದ್ದವನ್ನೂ ಕಿತ್ತುಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

“ಮುಟ್ಟಬಾರದು ಅಂದಿದ್ದಾರೆ ರೀ!”

“ಮುಟ್ಟೋದಿಲ್ಲವೇ. ಅಂಟಿಸ್ತೀನಿ ಅಷ್ಟೆ.”

ಛಾವಣಿ ಹತ್ತಿದವರೇ ಮೊದಲು ಮಾಡಿದ ಕೆಲಸ ಮುಚ್ಚಳ ಎತ್ತಿ, ಕೆಳಗೆ ಬಂದು ನಿಂತಿದ್ದ ಹೆಡ್‌ಮಾಸ್ಟರಿಗೆ ಕೊಟ್ಟದ್ದು. ಹೆಡ್‌ಮಾಸ್ಟರು ಕಳೆದುಹೋದ ಮಗನನ್ನು ಕಂಡಂತೆ ಅದನ್ನು ತಬ್ಬಿಕೊಂಡು ಹೋದರು. ಆಮೇಲೆ ಒಡೆದ ಗಾಜಿನ ಬಿರುಕುಗಳಿಗೆಲ್ಲ ಅಂಟು ಸುರಿದು, ಹಳೇ ಟೆಲಿಫೋನ್ ಕಾರ್ಡಿನಿಂದ ನೀವಿ, ಅಂಚಿಗೆ ಸಾಲಾಗಿ ಕ್ಲಿಪ್ಪುಗಳನ್ನು ಕಚ್ಚಿಸಿದರು. ಪ್ಯಾನೆಲ್ಲುಗಳು ಒಣಗಲು ಹಾಕಿದ ಬಟ್ಟೆಯಂತೆ ಕಂಡವು. ಒಂದು ಮಾತು ಹೇಳಲೇಬೇಕು: ಕೆಲಸ ಅಚ್ಚುಕಟ್ಟಾಗಿತ್ತು. ದೂರದಿಂದ ನೋಡಿದರೆ, ಕಣ್ಣು ಸ್ವಲ್ಪ ಮಂಜಾಗಿದ್ದರೆ, ಗಾಜು ಹೊಸದರಂತೆಯೇ ಇತ್ತು.

ಕೆಳಗಿಳಿದು ಬಂದು, ಯಾರನ್ನೂ ಕೇಳದೆ ಮೇನ್ ಸ್ವಿಚ್ಚು ಎತ್ತಿದರು.

ಅಂಗಡಿಯಲ್ಲಿ ಆಗ ಇದ್ದವಳು ಕಾಜಾ ಅಕ್ಕ ಒಬ್ಬಳೇ. ಕಾಜಾ ಹೊಲಿದು ಗುಂಡಿ ಹಚ್ಚುವವಳು. ಕೆಲಸವಿಲ್ಲದೆ ಮೆಷಿನ್ನಿನ ಪೆಡಲ್ ಮೇಲೆ ಕಾಲಿಟ್ಟು ತೂಕಡಿಸುತ್ತಿದ್ದಳು. ಸ್ವಿಚ್ಚು ಎತ್ತಿದ ಕ್ಷಣವೇ ಮೆಷಿನ್ನು ಗರ್ರನೆ ಓಡಿ ಅವಳ ಸೆರಗನ್ನು ಬೆಡ್‌ಶೀಟಿಗೆ ಹೊಲಿದುಬಿಟ್ಟಿತು.

“ಅಯ್ಯಯ್ಯೋ! ಜೀವ ಬಂತು! ಮೆಷಿನ್ನಿಗೆ ಜೀವ ಬಂತು!” ಎಂದು ಕಿರುಚುತ್ತ, ಬೆಡ್‌ಶೀಟನ್ನೂ ಎಳೆದುಕೊಂಡು ಬೀದಿಗೆ ಓಡಿದಳು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಹಾಗೆ. ಆದರೆ ಕಾಗೆಗೆ ಅದನ್ನು ಹೇಳುವವರು ಯಾರು? ನಮ್ಮವರು ಬಾಗಿಲಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತ, “ಇದೇನು ಮಹಾ” ಎಂದರು. ಮಹಾ ಎನ್ನದೆ ಬೇರೆ ದಾರಿಯಿಲ್ಲದಂತೆ ಬೀದಿಗೆ ಬೀದಿಯೇ ಬಂದು ಸೇರಿತು.

ನಾದಿನಿ ಆಸ್ಪತ್ರೆಯಿಂದ ಬಂದಾಗ ಮುಖ ಬಾಡಿತ್ತು. ವಾರ ಕಳೆದರೆ ಆರ್ಡರನ್ನು ಬೇರೆಯವರಿಗೆ ಕೊಡುತ್ತೇವೆ ಅಂದಿದ್ದರಂತೆ. ಓಡುತ್ತಿದ್ದ ಮೆಷಿನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮುಟ್ಟಬಾರದಿತ್ತು ಎನ್ನಬೇಕೋ, ಮುಟ್ಟಿದ್ದೇ ಒಳ್ಳೆಯದಾಯಿತು ಎನ್ನಬೇಕೋ ತಿಳಿಯದೆ ಎರಡನ್ನೂ ಅಂದಳು. ಆಮೇಲೆ ಕೂತು ಹೊಲಿಯತೊಡಗಿದಳು.

ಗೋದಾಮಿನ ಪಕ್ಕದ, ಇವಳ ಹಾಗೇ ಸೋಲಾರ್ ನಂಬಿದ ಬೇಕರಿಯವನೂ ಬಂದ. ಅದೇ ಗಾಳಿಗೆ ಬೇರೆ ಯಾರದೋ ಮನೆಯ ತಗಡು ಹಾರಿಬಂದು ಅವನ ಪ್ಯಾನೆಲ್ಲೂ ಒಡೆದು, ಹಿಟ್ಟು ಕಲಸುವ ಮೆಷಿನ್ನು ನಿಂತು, ಪಾಪ ಕೈಯಲ್ಲೇ ಕಲಸುತ್ತಿದ್ದ. ಮೊಣಕೈವರೆಗೆ ಹಿಟ್ಟು.

“ಮಾವ, ನನ್ನದಕ್ಕೂ ಒಂದು ಕೈ ಹಾಕಿ.”

“ನಾಳೆ ಬಾ. ಅಂಟು ಮುಗಿದಿದೆ.”

ಸಂಜೆಯಾಯಿತು. ಸೂರ್ಯ ಮುಳುಗಿದ. ಮೆಷಿನ್ನು ನಿಲ್ಲಲಿಲ್ಲ. ಹೆಡ್‌ಮಾಸ್ಟರು ಪಶ್ಚಿಮಕ್ಕೆ ಒಮ್ಮೆ, ಮೆಷಿನ್ನಿಗೆ ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

“ಅಲ್ಲ ರಿಪೇರಿ ಮಾವ, ಸೋಲಾರ್ ಅಂದ್ರೆ ಬಿಸಿಲಿನ ಶಕ್ತಿ. ಬಿಸಿಲೇ ಇಲ್ಲವಲ್ಲ. ಇದು ಹೇಗೆ?”

ನಮ್ಮವರು ಒಂದು ಗಳಿಗೆ ಯೋಚಿಸಿದರು. ನಿಜ ಹೇಳಬೇಕೆಂದರೆ, ಒಂದು ಗಳಿಗೆಯೂ ಯೋಚಿಸಲಿಲ್ಲ.

“ಮೊದಲು ಗಾಜು ಸಡಿಲ ಇತ್ತು ಸರ್, ಬಿಸಿಲು ಸೋರಿಹೋಗ್ತಿತ್ತು. ಈಗ ಬಿಗಿಯಾಗಿದೆ. ಒಳಗೆ ಹೋದ ಬಿಸಿಲು ಹೊರಗೆ ಬರೋಕೆ ದಾರಿಯಿಲ್ಲ.”

ಹೆಡ್‌ಮಾಸ್ಟರು ತಲೆದೂಗಿದರು. ಊರಿನ ಮಕ್ಕಳಿಗೆಲ್ಲ ವಿಜ್ಞಾನ ಕಲಿಸಿದ ತಲೆ ಅದು.

*

ಮರುದಿನ ಬೇಕರಿಯವನು ಹೊಸ ಅಂಟಿನ ಟ್ಯೂಬು ತಂದು ನಮ್ಮ ಬಾಗಿಲಲ್ಲಿ ನಿಂತಿರುವಾಗಲೇ ಸರ್ವೇಯರ್ ಬಂದರು. ನಾವೆಲ್ಲ ಸೂಟುಬೂಟಿನ ಗಂಡಸನ್ನು ಎದುರು ನೋಡುತ್ತಿದ್ದೆವು. ಬಂದವರು ಗಟ್ಟಿ ಬೂಟು ಹಾಕಿಕೊಂಡ, ಹೆಗಲಿಗೆ ಚೀಲ ಏರಿಸಿದ ಹೆಂಗಸು. ಮಾತು ಕಮ್ಮಿ, ನೋಟ ಜಾಸ್ತಿ. ಬೀದಿಯವರು ಆಗಿಂದಾಗಲೇ ‘ಸರ್ವೇಯರಮ್ಮ’ ಎಂದು ಹೆಸರಿಟ್ಟರು.

ನಾದಿನಿ ಕೈ ಹಿಸುಕಿಕೊಳ್ಳುತ್ತ ಛಾವಣಿಗೆ ಕರೆದುಕೊಂಡು ಹೋದಳು. ಹಿಂದೆ ನಾವು. ನಮ್ಮ ಹಿಂದೆ ಬೀದಿ.

ಸರ್ವೇಯರಮ್ಮ ಪ್ಯಾನೆಲ್ಲುಗಳನ್ನು ನೋಡಿದರು. ಫೋನು ತೆಗೆದು ನಾದಿನಿ ಕಳಿಸಿದ್ದ ಫೋಟೋ ನೋಡಿದರು. ಮತ್ತೆ ಪ್ಯಾನೆಲ್ಲು ನೋಡಿದರು.

“ಏನು ಬಿದ್ದು ಒಡೀತು ಅಂದ್ರಿ?”

“ಟ್ಯಾಂಕಿನ ಮುಚ್ಚಳ ಮೇಡಂ.”

“ಎಲ್ಲಿದೆ?”

“ಟ್ಯಾಂಕಿನ ಮೇಲಿದೆ” ಎಂದರು ಹೆಡ್‌ಮಾಸ್ಟರು, ಹೆಮ್ಮೆಯಿಂದ.

“ಗಾಜು?”

“ಅಂಟಿಸಿದ್ದೀವಿ” ಎಂದರು ನಮ್ಮವರು.

“ಮೆಷಿನ್?”

ಕೆಳಗಿನಿಂದ, ಕಾಜಾ ಅಕ್ಕ ಓಡಿಸುತ್ತಿದ್ದ ಮೆಷಿನ್ನೇ ಗರ್ರ್ ಎಂದು ಉತ್ತರ ಕೊಟ್ಟಿತು.

ಸರ್ವೇಯರಮ್ಮ ಪೆನ್ನಿನ ಮುಚ್ಚಳ ತೆಗೆದರು. “ಹಾಗಾದ್ರೆ ಏನೂ ಆಗಿಲ್ಲ ಅನ್ನಿ.”

“ಆಗಿತ್ತು ಮೇಡಂ! ತುಂಬಾ ಆಗಿತ್ತು!” ಅಂದಳು ನಾದಿನಿ.

“ಆಗಿತ್ತು. ನಾನು ಸರಿ ಮಾಡಿದೆ” ಅಂದರು ಅಣ್ಣ. “ಇದು ಏನು ಮಹಾ ಮೇಡಂ. ನನ್ನ ಕೈಗೆ ಬಂದದ್ದು ಯಾವುದೂ ಆಗಲ್ಲ ಅಂತ ವಾಪಸ್ ಹೋಗಿಲ್ಲ. ಬೇಕಾದ್ರೆ ಬರೆದುಕೊಳ್ಳಿ.”

“ಬರೆದುಕೊಳ್ತೀನಿ” ಎಂದರು ಸರ್ವೇಯರಮ್ಮ. ಬರೆದೂಬಿಟ್ಟರು. ‘ಒಡೆದ ಪ್ಯಾನೆಲ್ಲುಗಳನ್ನು ನಾನು ರಿಪೇರಿ ಮಾಡಿರುತ್ತೇನೆ, ಈಗ ಸರಿಯಾಗಿ ಕೆಲಸ ಮಾಡುತ್ತಿವೆ.’ ಕೆಳಗೆ ಸಹಿ ಹಾಕಿ ಎಂದರು. ನಮ್ಮವರು ಮದುವೆಯ ದಿನ ಹಾಕಿದ್ದಕ್ಕಿಂತ ದೊಡ್ಡ ಸಹಿ ಹಾಕಿ, ಅಡಿಯಲ್ಲಿ ಎರಡು ಗೆರೆ ಎಳೆದರು.

ಬೇಕರಿಯವನ ತಲೆಯಲ್ಲಿ ಆಗ ಬೆಳಕಾಯಿತು.

“ಮೇಡಂ, ಮುಂದಿನದು ನನ್ನ ಮನೆ. ನನ್ನದೂ ಒಡೆದಿದೆ.”

“ಗಾಜು ತಾನೇ? ಇವರು ಅಂಟಿಸ್ತಾರಲ್ಲ. ರಿಪೇರಿ ಆಗತ್ತೆ ಅಂತ ಬರೀತೀನಿ.”

ಬೇಕರಿಯವನು ಕೈಲಿದ್ದ ಅಂಟಿನ ಟ್ಯೂಬನ್ನು ಹಾವು ಹಿಡಿದವನಂತೆ ಎಸೆದ.

“ಅದು ರಿಪೇರಿ ಆಗಿಲ್ಲ ಮೇಡಂ! ಸುಳ್ಳು! ಕಣ್ಣಿಗೆ ಮಣ್ಣು!”

“ಏನೋ? ನಿನ್ನೆ ತಾನೇ ‘ಒಂದು ಕೈ ಹಾಕಿ ಮಾವ’ ಅಂತ ಬಂದಿದ್ದೆ?”

“ನಿನ್ನೆ ಬುದ್ಧಿ ಇರಲಿಲ್ಲ. ಮಾವ, ನಿಮ್ಮ ಅಂಟಿನಿಂದ ನನ್ನ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಬೀಳತ್ತೆ. ಆಗಿಲ್ಲ ಅಂತ ಹೇಳಿಬಿಡಿ.”

“ಓಡ್ತಿರೋ ಮೆಷಿನ್ ಮುಂದೆ ನಿಂತು ಆಗಿಲ್ಲ ಅನ್ನಲೇನೋ? ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಆಡೋದಾ?”

ನಾನು ನೋಡುತ್ತಲೇ ಇದ್ದೆ. ಬೀದಿ ಎರಡು ಪಕ್ಷವಾಯಿತು. ಸೋಲಾರ್ ಇದ್ದವರೆಲ್ಲ ‘ಆಗಿಲ್ಲ’ ಪಕ್ಷ. ಸೋಲಾರ್ ಇಲ್ಲದವರೆಲ್ಲ ‘ಆಗಿದೆ’ ಪಕ್ಷ. ನಾದಿನಿ ಮಾತ್ರ ಯಾವ ಕಡೆಗೂ ಸೇರಲಾರದೆ ನಡುವೆ ನಿಂತಿದ್ದಳು. ಮೆಷಿನ್ನು ಓಡಿದರೆ ಹೊಸ ಪ್ಯಾನೆಲ್ ಇಲ್ಲ, ಓಡದಿದ್ದರೆ ಬೆಡ್‌ಶೀಟು ಇಲ್ಲ.

ಸರ್ವೇಯರಮ್ಮ ಗಲಾಟೆಗೆ ಕಿವಿಗೊಡದೆ ಚೀಲದಿಂದ ಮೀಟರು ತೆಗೆದು ಪ್ಯಾನೆಲ್ಲಿನ ವೈರಿಗೆ ಹಿಡಿದರು. ಅಂಕಿ ಏರಿತು.

“ನೋಡ್ರಿ! ಬಂತು!” ಎಂದು ನಮ್ಮವರು ಚಪ್ಪಾಳೆ ತಟ್ಟಿದರು.

“ಇದು ಬರತ್ತೆ ಸಾರ್. ನಲ್ಲಿ ತಿರುಗಿಸಿದ್ರೆ ಸುಯ್ ಅಂತ ಸದ್ದು ಬರಲ್ವಾ, ಹಾಗೆ. ನೀರು ಬರತ್ತಾ ಅಂತ ನೋಡೋಣ.” ವೈರನ್ನು ಇನ್ನೊಂದು ಥರ ಹಿಡಿದು ನೋಡಿದರು. ಅಂಕಿ ಮೇಲೇಳಲೇ ಇಲ್ಲ. ನೀರು ಬರಲಿಲ್ಲ ಎಂದು ನನಗೂ ಅರ್ಥವಾಯಿತು.

“ಒಂದು ದೊಡ್ಡ ಬಟ್ಟೆ ಕೊಡಿ.”

ನಾದಿನಿ ಓಡಿಹೋಗಿ ಆಸ್ಪತ್ರೆಯ ಬೆಡ್‌ಶೀಟುಗಳನ್ನು ತಂದಳು. ಸರ್ವೇಯರಮ್ಮ ಪ್ಯಾನೆಲ್ಲುಗಳನ್ನೆಲ್ಲ ರೋಗಿಗೆ ಹೊದಿಸಿದಂತೆ ಪೂರ್ತಿ ಮುಚ್ಚಿದರು. ಬಿಸಿಲಿನ ಒಂದು ಎಳೆಯೂ ಒಳಹೋಗುವಂತಿರಲಿಲ್ಲ. ಕೆಳಗೆ ಮೆಷಿನ್ನು ಗರ್ರ್ ಎನ್ನುತ್ತಲೇ ಇತ್ತು.

“ನೋಡಿದ್ರಾ!” ನಮ್ಮವರು ಕುಣಿಯುವುದೊಂದು ಬಾಕಿ. “ಬಿಸಿಲೂ ಬೇಡ ಅಂತಿದೆ!”

“ಅದಕ್ಕೇ ಸಾರ್” ಎಂದರು ಸರ್ವೇಯರಮ್ಮ, “ಬಿಸಿಲೇ ಇಲ್ಲದೆ ಓಡ್ತಿದ್ರೆ, ಇದು ಬಿಸಿಲಿನಿಂದ ಓಡ್ತಿಲ್ಲ ಅಂತ ತಾನೇ ಅರ್ಥ?”

ಕೆಳಗಿಳಿದು, ಮೆಟ್ಟಿಲ ಅಡಿಯಲ್ಲಿದ್ದ ನೂಲಿನ ಡಬ್ಬಗಳನ್ನು ಸರಿಸಿದರು. ಅವುಗಳ ಹಿಂದೆ ಬ್ಯಾಟರಿಯ ಪೆಟ್ಟಿಗೆ. ಅದರ ಮೇಲೆ ಸಣ್ಣ ಕೆಂಪು ದೀಪ ಮಿಣಮಿಣ ಅನ್ನುತ್ತಿತ್ತು.

“ಮೋಡ ಇದ್ದಾಗ ಓಡಲಿ ಅಂತ ಬ್ಯಾಟರಿ ಇಟ್ಟಿದ್ದೀರಲ್ಲಮ್ಮ. ಗಾಳಿಗೆ ಮುಂಚೆ ತುಂಬಿದ್ದು ಒಳಗೇ ಇತ್ತು. ಸ್ವಿಚ್ ಬಿದ್ದಿತ್ತು ಅಂತ ಹೊರಗೆ ಬಂದಿರಲಿಲ್ಲ, ಅಷ್ಟೆ.”

“ಅದೂ ಸತ್ತುಹೋಗಿದೆ ಅಂದ್ಕೊಂಡಿದ್ದೆ ಮೇಡಂ” ಎಂದು ನಾದಿನಿ ಹಣೆ ಚಚ್ಚಿಕೊಂಡಳು. “ಮುಟ್ಟಬೇಡಿ ಅಂದ್ರಲ್ಲ, ಅದರ ಕಡೆ ನೋಡಲೂ ಇಲ್ಲ.”

ಪೆಟ್ಟಿಗೆ ಕುಂಯ್ ಎಂದಿತು. ಕೆಂಪು ದೀಪ ಆರಿತು. ಮೆಷಿನ್ನು ಗರ್ರ್... ರ್ರ್... ಎಂದು ಬೆಡ್‌ಶೀಟಿನ ನಡುವಿನಲ್ಲಿ ನಿಂತಿತು. ಸೂಜಿ ಬಟ್ಟೆಯೊಳಗೇ ಉಳಿಯಿತು.

‘ಆಗಿದೆ’ ಪಕ್ಷದವರು ಮೆಲ್ಲಗೆ ಮನೆಗೆ ಹೋದರು. ಹೆಡ್‌ಮಾಸ್ಟರು, “ಬಿಸಿಲು ಸೋರುವುದಿಲ್ಲ ಎಂದು ನನಗೆ ನಿನ್ನೆಯೇ ಸಂಶಯವಿತ್ತು” ಎಂದರು.

*

ಬೇಕರಿಯವನ ಪ್ಯಾನೆಲ್ಲಿಗೆ ಯಾರೂ ಕೈ ಹಾಕಿರಲಿಲ್ಲವಾದ್ದರಿಂದ ಅವನ ಕೆಲಸ ಅಲ್ಲಿಗೇ ಸಲೀಸಾಯಿತು. ನಾದಿನಿಯದು ಗಂಟಾಯಿತು.

“ಇವು ರಿಪೇರಿ ಆಗಲ್ಲ ಅಂತ ನನಗೆ ಗೊತ್ತು” ಎಂದರು ಸರ್ವೇಯರಮ್ಮ. “ಆದ್ರೆ ಮುಚ್ಚಳ ಇದ್ದಲ್ಲಿ ಇಲ್ಲ, ಗಾಜಿಗೆ ಅಂಟು ಬಿದ್ದಿದೆ, ರಿಪೇರಿ ಆಗಿದೆ ಅಂತ ಇವರ ಸಹಿಯೂ ಇದೆ. ಎರಡು ಗೆರೆ ಬೇರೆ ಎಳೆದಿದ್ದಾರೆ. ನಾನು ಆಗಲ್ಲ ಅಂತ ಬರೆದ್ರೆ ಮೇಲಿನವರು ಯಾರ ಮಾತು ನಂಬಬೇಕು? ಸಾರ್, ನೀವೇ ಇನ್ನೊಂದು ಕಾಗದ ಬರೀಬೇಕು. ಒಡೆದದ್ದು ಗಾಳಿಗೆ, ಅಂಟು ಹಾಕಿದ್ದು ಆಮೇಲೆ, ರಿಪೇರಿ ಆಗಿಲ್ಲ, ಆಗೋದೂ ಇಲ್ಲ. ಸಹಿ ಮಾಡಿ ಅಂಚೆಯಲ್ಲಿ ಆಫೀಸಿಗೆ ಕಳಿಸಿ. ಬೇಗ. ಈ ಫೈಲನ್ನ ನಾನು ಬಹಳ ದಿನ ಹಿಡಿದಿಟ್ಟುಕೊಳ್ಳೋಕೆ ಆಗಲ್ಲ.”

“ಅಷ್ಟೇ ತಾನೇ?” ಅಂದರು ನಮ್ಮವರು.

ಅಷ್ಟೇ ಇದ್ದದ್ದು. ಮನೆಗೆ ಬಂದು, ಕೈಕಾಲು ತೊಳೆದು, ಹಾಳೆ ಹರಡಿ, ಪೆನ್ನು ಹಿಡಿದು ಕೂತರು. ಪೆನ್ನು ಬರೆಯಲಿಲ್ಲ ಎಂದು ಅದನ್ನು ರಿಪೇರಿ ಮಾಡಿದರು. ಊಟದ ಹೊತ್ತಾಯಿತು.

ಮೊದಲ ಕಾಗದ ಹೀಗಿತ್ತು: ‘ಸದರಿ ಪ್ಯಾನೆಲ್ಲುಗಳು ಸದ್ಯಕ್ಕೆ ರಿಪೇರಿ ಆಗಿರುವುದಿಲ್ಲ.’

“‘ಸದ್ಯಕ್ಕೆ’ ಯಾಕೆ?” ಅಂದೆ.

“ಮುಂದೆ ಏನಾಗತ್ತೋ ಯಾರು ಕಂಡವರು?”

ಎರಡನೆಯದು: ‘ಉತ್ತಮ ದರ್ಜೆಯ ಅಂಟು ದೊರೆಯದ ಕಾರಣ...’ ಹೆಡ್‌ಮಾಸ್ಟರು ಅದನ್ನು ಓದಿ ಕೆಂಪು ಇಂಕಿನಲ್ಲಿ ಅಲ್ಪವಿರಾಮಗಳನ್ನು ಸರಿಪಡಿಸಿ, ಅಂಚಿನಲ್ಲಿ ‘ಉತ್ತಮ ಪ್ರಯತ್ನ’ ಎಂದು ಬರೆದುಕೊಟ್ಟರು. ಕೆಂಪು ಇಂಕು ಬಿದ್ದ ಕಾಗದವನ್ನು ಕಳಿಸುವಂತಿಲ್ಲವೆಂದು ಅದು ರದ್ದಾಯಿತು.

ಮೂರನೆಯದನ್ನು ಸರ್ವೇಯರಮ್ಮನಿಗೆ ಫೋನಿನಲ್ಲೇ ಓದಿದರು. “‘ಸುಮಾರು ಮಟ್ಟಿಗೆ ಆಗಿಲ್ಲವೆಂದೇ ಹೇಳಬಹುದು’, ಇದು ಆಗಬಹುದಾ ಮೇಡಂ?”

“ಸುಮಾರು ಮಟ್ಟಿಗೆ ತೆಗೀರಿ ಸಾರ್.”

“ಹೇಳಬಹುದು?”

“ಅದೂ ತೆಗೀರಿ.”

“ಎಲ್ಲಾ ತೆಗೆದ್ರೆ ಉಳಿಯೋದೇನು ಮೇಡಂ?”

“ಆಗಿಲ್ಲ ಅನ್ನೋದು ಉಳಿಯತ್ತೆ ಸಾರ್. ಅದೇ ಬೇಕಾಗಿರೋದು.”

ಫೋನಿಟ್ಟು ಆ ಹಾಳೆಯನ್ನು ನಾಲ್ಕಾಗಿ ಮಡಿಸಿ, ಅಲುಗಾಡುತ್ತಿದ್ದ ಸ್ಟೂಲಿನ ಕಾಲಿಗೆ ಕೊಟ್ಟರು. ಸ್ಟೂಲು ಸರಿಯಾಯಿತು. ಅಷ್ಟರ ಮಟ್ಟಿಗೆ ಅವರಿಗೆ ಸಮಾಧಾನ.

ಬೀದಿಯವರ ಕಾಟ ಬೇರೆ. “ಮಾವ, ಕಾಗದ ಕಳಿಸಿದ್ರಾ?” ಎಂದು ಹೋದಲ್ಲಿ ಬಂದಲ್ಲಿ ಕೇಳುವವರೇ. ಬೇಕರಿಯವನು ಬ್ರೆಡ್ಡು ಕಟ್ಟಿಕೊಡುತ್ತ, “ಬರೆಯೋಕೆ ಕಷ್ಟ ಆದ್ರೆ ನಾನು ಬರೆದುಕೊಡ್ಲಾ? ನನಗೆ ಸಲೀಸು ಬರತ್ತೆ: ಆಗಿಲ್ಲ, ಆಗಿಲ್ಲ, ಆಗಿಲ್ಲ” ಎಂದು ಚುಚ್ಚಿದ. ನಮ್ಮವರು ಬ್ರೆಡ್ಡು ಅಲ್ಲೇ ಬಿಟ್ಟು ಬಂದರು. ಅಂದಿನಿಂದ ಬ್ರೆಡ್ಡು ತರುವ ಕೆಲಸವೂ ನನಗೇ ಬಂತು.

ನಾನೂ ಹೇಳಿ ನೋಡಿದೆ. “ರೀ, ಒಂದು ಸಾಲು.”

“ಬರೀತೀನಿ ಕಣೇ. ಮೀನ ಮೇಷ ಎಣಿಸ್ತಿದ್ದೀನಾ? ಸರಿಯಾದ ಪದ ಸಿಕ್ತಿಲ್ಲ.”

ಹೆಚ್ಚು ಹೇಳಲು ಹೋಗಲಿಲ್ಲ. ಬೋರಲು ಗಡಿಯಾರದ ಜೊತೆ ಬಾಳುವೆ ಮಾಡಿದವಳಿಗೆ ಅವಸರ ಮಾಡಿ ಪ್ರಯೋಜನವಿಲ್ಲವೆಂದು ಗೊತ್ತು. ಆದರೆ ನಾದಿನಿಯ ಅಂಗಡಿಯ ಮುಂದೆ ಹೋದಾಗ ಒಳಗೆ ಇಣುಕುವುದನ್ನು ಬಿಟ್ಟೆ. ಅವಳು, ಕಾಜಾ ಅಕ್ಕ ಇಬ್ಬರೂ ಬೆಡ್‌ಶೀಟಿನ ಅಂಚುಗಳನ್ನು ಕೈಸೂಜಿಯಲ್ಲಿ ಹೊಲಿಯುತ್ತಿದ್ದರು. ಆಸ್ಪತ್ರೆಯ ಹಾಸಿಗೆಗಳಿಗೆಲ್ಲ ಹಾಗೆ ಹೊಲಿದು ಮುಗಿಸುವ ಹೊತ್ತಿಗೆ ರೋಗಿಗಳು ಗುಣವಾಗಿ ಮನೆಗೆ ಹೋಗಿ, ಮತ್ತೆ ಕಾಯಿಲೆ ಬಿದ್ದು ಬರುತ್ತಿದ್ದರು.

ನಾದಿನಿ ಅಣ್ಣನಿಗೆ ಒಂದು ಮಾತೂ ಅಂದಿರಲಿಲ್ಲ. ಅವಳ ಸ್ವಭಾವವೇ ಹಾಗೆ. ವಾರದ ಕೊನೆಯಲ್ಲಿ ಬಂದಾಗ ಜೊತೆಗೆ ಒಬ್ಬ ದಪ್ಪ ಗಂಡಸು ಇದ್ದ. ಹಳೇ ಮೆಷಿನ್ನುಗಳನ್ನು ಕೊಂಡು ಮಾರುವವನು. ಬಾಗಿಲಲ್ಲೇ ನಿಂತ.

“ಅಣ್ಣ, ಇವರು ಮೆಷಿನ್ ನೋಡೋಕೆ ಬಂದಿದ್ದಾರೆ” ಅಂದಳು. “ಮೂರನ್ನೂ ಕೊಟ್ಟುಬಿಡೋಣ ಅಂತ. ಸೋಮವಾರ ಆಸ್ಪತ್ರೆಯವರು ಆರ್ಡರು ವಾಪಸ್ ತಗೋತಾರೆ. ಫ್ಯಾಕ್ಟರಿಯಲ್ಲಿ ಕೇಳಿದ್ದೀನಿ, ಬಾ ಅಂದಿದ್ದಾರೆ. ಅದೇ ಮೇಸ್ತ್ರಿ ಇದ್ದಾನಂತೆ, ಇನ್ನೂ.” ಸ್ವಲ್ಪ ನಗಲು ನೋಡಿದಳು. “ಓಡಿಸಿ ತೋರಿಸೋಕೆ ಕರೆಂಟಿಲ್ಲ. ಹೇಗೆ ನಂಬಲಿ ಅಂತ ಇವರು ಕೇಳ್ತಿದ್ದಾರೆ.”

“ಅದೇ ಮತ್ತೆ” ಎಂದ ದಪ್ಪನವನು. “ಆದ್ರೆ ನೀವು ರಿಪೇರಿ ಮಾವ ಅಲ್ವಾ? ನಿಮ್ಮ ಹೆಸರು ಕೇಳಿದ್ದೀನಿ. ಚೆನ್ನಾಗಿದೆ ಅಂತ ನೀವೊಂದು ಮಾತು ಹೇಳಿ ಸಾಕು. ಈಗಲೇ ಗಾಡಿಗೆ ಹಾಕಿಕೊಂಡು ಹೋಗ್ತೀನಿ.”

ನಮ್ಮವರು ಬಾಯಿ ತೆರೆದರು. ಜೀವಮಾನವಿಡೀ ಆಡಿದ ಮಾತೇ ಅದು. ‘ಚೆನ್ನಾಗಿದೆ, ಓಡತ್ತೆ, ತಗೊಂಡು ಹೋಗಿ.’ ಆದರೆ ಈಗ ಅದನ್ನು ಆಡಿದರೆ ಮೆಷಿನ್ನುಗಳು ಹೋಗುತ್ತವೆ, ತಂಗಿ ಮೇಸ್ತ್ರಿಯ ಮುಂದೆ ನಿಲ್ಲುತ್ತಾಳೆ. ತೆರೆದ ಬಾಯಿಯನ್ನು ಮುಚ್ಚಿದರು. ತಂಗಿಯ ಕೈ ನೋಡಿದರು. ಕೈಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಕೂತ್ಕೊಳ್ಳಿ” ಎಂದರು ದಪ್ಪನವನಿಗೆ. “ಅಲ್ಲ, ಕೂತ್ಕೋಬೇಡಿ. ಹೋಗಿ.”

“ಅಂದ್ರೆ ಮೆಷಿನ್ ಚೆನ್ನಾಗಿಲ್ವಾ?”

“ಮೆಷಿನ್ ಬಂಗಾರ. ಮಾರೋದಿಲ್ಲ. ಹೋಗ್ರೀ ಅಂದ್ನಲ್ಲ!”

ಅವನು ಹೋದ. ನಮ್ಮವರು ಹಾಳೆ ತೆಗೆದು, ನಿಂತುಕೊಂಡೇ, ಕಪಾಟಿನ ಮೇಲಿಟ್ಟು ಬರೆಯತೊಡಗಿದರು. ಒಂದೇ ಉಸಿರಿಗೆ ಬರೆದು ನನ್ನ ಕೈಗೆ ತುರುಕಿ ಕಿಟಕಿಯ ಕಡೆ ತಿರುಗಿ ನಿಂತರು. ನಾನು ಗಟ್ಟಿಯಾಗಿ ಓದಿದೆ:

‘ಮಾನ್ಯರೇ, ಗಾಳಿಗೆ ಮುಚ್ಚಳ ಬಿದ್ದು ನನ್ನ ತಂಗಿಯ ಪ್ಯಾನೆಲ್ಲುಗಳು ಒಡೆದವು. ಯಾರೂ ಮುಟ್ಟಬಾರದೆಂದು ಆಕೆ ಹೇಳಿದ್ದಳು. ನಾನು ಮುಟ್ಟಿದೆ. ಮುಚ್ಚಳ ತೆಗೆದೆ, ಅಂಟು ಹಾಕಿದೆ. ಮೆಷಿನ್ನು ಓಡಿದ್ದು ಬ್ಯಾಟರಿಯಿಂದ. ಪ್ಯಾನೆಲ್ಲು ರಿಪೇರಿ ಆಗಲಿಲ್ಲ. ನನ್ನ ಹಿಂದಿನ ಸಹಿಯನ್ನು ಹೊಡೆದುಹಾಕಬೇಕು. ನನ್ನಿಂದಲೇ ಆಗಲಿಲ್ಲವೆಂದ ಮೇಲೆ ಈ ಪ್ಯಾನೆಲ್ಲುಗಳು ಲೋಕದಲ್ಲಿ ಬೇರೆ ಯಾರಿಂದಲೂ ರಿಪೇರಿ ಆಗುವುದು ಸಾಧ್ಯವೇ ಇಲ್ಲ.’

ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ, ಭುಜ ಕುಲುಕುವ ರೀತಿ ನೋಡಿದರೆ ನಗುತ್ತಿದ್ದಳು.

ಸರ್ವೇಯರಮ್ಮನಿಗೆ ಫೋನು ಮಾಡಿ ಕೊನೆಯ ಸಾಲನ್ನು ನಾನೇ ಓದಿದೆ.

“ಅದನ್ನ ಹಾಗೇ ಬಿಡಿ ಅಮ್ಮಾ” ಎಂದರು. “ಒಂದಕ್ಷರಾನೂ ತೆಗೀಬೇಡಿ. ಇಷ್ಟು ಖಚಿತವಾಗಿ ನಮ್ಮ ಇಂಜಿನಿಯರುಗಳೂ ಬರೆಯಲ್ಲ. ಇವತ್ತೇ ಅಂಚೆಗೆ ಹಾಕಿ, ರಸೀದಿಯ ಫೋಟೋ ಕಳಿಸಿ. ಆಸ್ಪತ್ರೆಯವರಿಗೆ ಕ್ಲೇಮು ಪಾಸಾಗ್ತಿದೆ ಅಂತ ನಾನೇ ಒಂದು ಮಾತು ಹೇಳ್ತೀನಿ.”

ಅಂಚೆ ಕಚೇರಿ ಮುಚ್ಚುವ ಹೊತ್ತು. ಮೂವರೂ ಓಡಿದೆವು. ಕಿಟಕಿಯ ಹಿಂದಿನ ಗುಮಾಸ್ತರು ಆಗಲೇ ಟೇಬಲ್ಲು ಒರೆಸುತ್ತಿದ್ದರು. ನಾದಿನಿ ಕೈಮುಗಿದ ರೀತಿಗೆ ಮತ್ತೆ ಕೂತರು. ಲಕೋಟೆ ತೂಗಿದರು. ಸ್ಟಾಂಪು ಹಚ್ಚಿದರು. ನಮ್ಮವರು ಲಕೋಟೆಯ ಒಂದು ಮೂಲೆಯನ್ನು ಇನ್ನೂ ಬಿಟ್ಟಿರಲಿಲ್ಲ.

“ಬಿಡಿ ಸಾರ್” ಎಂದರು ಗುಮಾಸ್ತರು.

ಬಿಟ್ಟರು. ಗುಮಾಸ್ತರು ಠಪ್ಪೆಂದು ಮುದ್ರೆ ಒತ್ತಿ, ಹಿಂದೆ ನೋಡದೆಯೇ ಲಕೋಟೆಯನ್ನು ಚೀಲಕ್ಕೆ ಎಸೆದು, ಚೀಲದ ಬಾಯಿ ಕಟ್ಟಿದರು.

“ಇನ್ನು ಅದನ್ನ ವಾಪಸ್ ತೆಗೆದು ಏನಾದ್ರೂ ತಿದ್ದೋಕೆ ಆಗತ್ತಾ?” ಎಂದು ಕೇಳಿದರು ನಮ್ಮವರು.

“ಆಗಲ್ಲ ಸಾರ್.”

“ಒಳ್ಳೇದಾಯ್ತು” ಅಂದರು. ರಸೀದಿಯನ್ನು ತಂಗಿಯ ಕೈಗೆ ಕೊಟ್ಟರು.